ಫ್ಲ್ಯಾಶ್ ಕೊಳ್ಳುವ ಮೊದಲು ಸೀಲಿಂಗ್ ನೋಡಿ: ಮನೆಯೊಳಗಿನ ಪೋರ್ಟ್ರೇಟ್‌ಗೆ ಯಾವ ಬೆಳಕು?

ಜೂನ್ ಬಂತೆಂದರೆ ನಮ್ಮ ಕಡೆ ಮಧ್ಯಾಹ್ನ ಹನ್ನೆರಡಕ್ಕೂ ಮನೆಯೊಳಗೆ ಲೈಟ್ ಹಾಕಬೇಕು. ಹೊರಗೆ ಮೋಡ, ಒಳಗೆ ಮಾಡಿನ ಕತ್ತಲೆ. ಮಳೆಗಾಲ ಮುಗಿದರೂ ಪೂರ್ತಿ ಬಚಾವ್ ಅಲ್ಲ. ಮಂಗಳೂರು, ಉಡುಪಿಯ ಹಳೆ ಮನೆಗಳ ಮಾಡು ತಗ್ಗು, ಕಿಟಕಿ ಸಣ್ಣದು, ಅಂಗಳದ ಬಿಸಿಲು ಚಾವಡಿಯ ಹೊಸ್ತಿಲು ದಾಟುವುದೇ ಇಲ್ಲ. ಇಂಥಲ್ಲಿ ಸೀಮಂತ, ತೊಟ್ಟಿಲು, ರೋಸ್ (ಕ್ರಿಶ್ಚಿಯನ್ನರ ಮದುವೆಗೆ ಮೊದಲಿನ ಶಾಸ್ತ್ರ), ಮೆಹೆಂದಿ ಎಂದು ಫೋಟೋಕ್ಕೆ ಕರೆದರೆ ಕ್ಯಾಮೆರಾಕ್ಕಿಂತ ಬೆಳಕಿನದೇ ದೊಡ್ಡ ತಲೆಬಿಸಿ.

‘ಯಾವ ಫ್ಲ್ಯಾಶ್ ತಗೊಳ್ಳಲಿ?’ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ನೀವು ಜಾಸ್ತಿ ಫೋಟೋ ತೆಗೆಯುವ ಜಾಗದ ಸೀಲಿಂಗ್ ಯಾವ ಬಣ್ಣ, ಎಷ್ಟು ಎತ್ತರ? ಬೌನ್ಸ್ ಮಾಡುವವರಿಗೆ, ಅಂದರೆ ಬೆಳಕನ್ನು ಸೀಲಿಂಗಿಗೋ ಗೋಡೆಗೋ ಹೊಡೆದು ವಾಪಸ್ ಮುಖಕ್ಕೆ ಬರಿಸುವವರಿಗೆ, ಫ್ಲ್ಯಾಶ್ ಅರ್ಧ ಸಾಮಾನು ಮಾತ್ರ. ಉಳಿದರ್ಧ ಆ ಮನೆಯ ಗೋಡೆ ಮತ್ತು ಸೀಲಿಂಗ್. ಅದನ್ನು ನೋಡದೆ ಮಾಡೆಲ್ ನಂಬರ್ ಹೋಲಿಸಿ ಕೂತರೆ ಸುಮ್ನೆ ಟೈಮ್ ವೇಸ್ಟ್.

ಬೌನ್ಸ್‌ನಲ್ಲಿ ಆಗುವುದೇನು

ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್‌ನ ಬಾಯಿ ಅಂಗೈಗಿಂತ ಚಿಕ್ಕದು. ಅದನ್ನು ನೇರ ಮುಖಕ್ಕೆ ಹೊಡೆದರೆ ಅಷ್ಟು ಚಿಕ್ಕ ಜಾಗದಿಂದ ಅಷ್ಟೂ ಬೆಳಕು ಬರುತ್ತದೆ. ಹಣೆಯ ಎಣ್ಣೆ ಪಸೆ ಬಿಳಿಯಾಗಿ ಹೊಳೆಯುತ್ತದೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಗೆರೆ ಎಳೆದಂತೆ ಬೀಳುತ್ತದೆ. ಮದುಮಗಳ ಜಡೆಯ ಮಲ್ಲಿಗೆ ನೋಡಿದರೆ ಇದು ಬೇಗ ಗೊತ್ತಾಗುತ್ತದೆ. ಶಂಕರಪುರ ಮಲ್ಲಿಗೆಯನ್ನು ಒತ್ತೊತ್ತಾಗಿ ಕಟ್ಟಿರುತ್ತಾರೆ. ನೇರ ಫ್ಲ್ಯಾಶ್‌ನಲ್ಲಿ ಆ ಅಟ್ಟೆ ಒಂದು ಬಿಳಿ ಮುದ್ದೆ. ಮೊಗ್ಗು ಎಲ್ಲಿ ಮುಗಿಯಿತು, ನಾರು ಎಲ್ಲಿ ಶುರುವಾಯಿತು ಎಂದು ಕಾಣುವುದೇ ಇಲ್ಲ. ಚಿನ್ನದ್ದೂ ಅದೇ ಕಥೆ. ಅಲ್ಲಲ್ಲಿ ಚುಕ್ಕಿ ಹೊಳಪು, ಉಳಿದ ಕಡೆ ಕಂದು.

ಅದೇ ಫ್ಲ್ಯಾಶ್‌ನ ತಲೆಯನ್ನು ಬಿಳಿ ಸೀಲಿಂಗ್ ಕಡೆ ತಿರುಗಿಸಿ. ಬೆಳಕು ಮೇಲೆ ಹೋಗಿ ನಾಲ್ಕೈದು ಅಡಿ ಅಗಲಕ್ಕೆ ಹರಡುತ್ತದೆ. ಈಗ ಮುಖಕ್ಕೆ ಬೆಳಕು ಕೊಡುವುದು ಫ್ಲ್ಯಾಶ್ ಅಲ್ಲ, ಸೀಲಿಂಗಿನ ಆ ತುಂಡು. ಬೆಳಕಿನ ಮೂಲ ದೊಡ್ಡದಾದಷ್ಟು ನೆರಳಿನ ಅಂಚು ಮೆತ್ತಗಾಗುತ್ತದೆ. ಮಲ್ಲಿಗೆಯ ಒಂದೊಂದು ಮೊಗ್ಗಿಗೂ ಸಣ್ಣ ನೆರಳು ಬಂದು ಅದರ ಗುಂಡಗಿನ ಆಕಾರ ಕಾಣುತ್ತದೆ.

ಇದಕ್ಕೆ ಕೊಡುವ ಬೆಲೆ ಬೆಳಕಿನ ಬಲ. ಬೆಳಕು ನಡೆಯುವ ದಾರಿ ಉದ್ದವಾಗುತ್ತದೆ, ಜತೆಗೆ ಸೀಲಿಂಗ್ ಒಂದಷ್ಟು ನುಂಗುತ್ತದೆ, ಬೇಡದ ಕಡೆಗೂ ಚೆಲ್ಲುತ್ತದೆ. ಸಾಮಾನ್ಯ ಬಿಳಿ ಸೀಲಿಂಗ್‌ನಲ್ಲಿ ದಾರಿಯ ಲೆಕ್ಕ ಬಿಟ್ಟು ಬರೀ ಹರಡಿ ಹೋಗುವುದೇ ಎರಡರಿಂದ ಮೂರು ಸ್ಟಾಪ್ ಎಂದು ಹಿಡಿಯಿರಿ (ಒಂದು ಸ್ಟಾಪ್ ಕಮ್ಮಿ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಅಂದರೆ ನಾಲ್ಕನೇ ಒಂದು ಭಾಗದಿಂದ ಎಂಟನೇ ಒಂದು ಭಾಗದಷ್ಟೇ ಮುಖಕ್ಕೆ ತಲುಪುತ್ತದೆ.

ಫ್ಲ್ಯಾಶೇ ಬೇಕಾ? ಬೇರೆ ದಾರಿಗಳ ಜತೆ ಹೋಲಿಸಿದರೆ

ಕಿಟಕಿಯ ಬೆಳಕಿಗೆ ಸಮ ಯಾವುದೂ ಇಲ್ಲ, ಪುಕ್ಕಟೆ ಬೇರೆ. ಒಬ್ಬರೇ ಕೂತು ಪೋಸ್ ಕೊಡುವ ಪೋರ್ಟ್ರೇಟ್ ಆದರೆ, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಲು ಜಾಗ ಇದ್ದರೆ, ಫ್ಲ್ಯಾಶ್ ಚೀಲದಲ್ಲೇ ಇರಲಿ. ಎಳೆ ಮಗುವಿನ ಫೋಟೋಕ್ಕೆ ಮನೆಯವರು ಫ್ಲ್ಯಾಶ್ ಬೇಡ ಎಂದರೂ ಅಷ್ಟೇ, ವಾದಕ್ಕೆ ಹೋಗದೆ ಕಿಟಕಿ ಹುಡುಕಿ. ತೊಂದರೆ ಏನೆಂದರೆ ಶಾಸ್ತ್ರಗಳು ಕಿಟಕಿ ಪಕ್ಕ ನಡೆಯುವುದಿಲ್ಲ. ದೇವರ ಕೋಣೆಯ ಎದುರು, ಚಾವಡಿಯ ನಡುವೆ, ಇಪ್ಪತ್ತು ಜನರ ಬೆನ್ನಿನ ಆಚೆ ನಡೆಯುತ್ತವೆ. ಭಟ್ಟರಿಗೆ ‘ಸ್ವಲ್ಪ ಕಿಟಕಿ ಕಡೆ ಬನ್ನಿ’ ಎನ್ನಲಿಕ್ಕಾಗುತ್ತದಾ?

ಇನ್ನೊಂದು ದಾರಿ 50 ಎಂಎಂ ಎಫ್/1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟು ಒಳಬರುವ ಬೆಳಕು ಜಾಸ್ತಿ) ಹಾಕಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸುವುದು. ಈಗಿನ ಕ್ಯಾಮೆರಾಗಳು ಐಎಸ್‌ಒ 3200ರಲ್ಲೂ ಬಳಸಬಹುದಾದ ಫೋಟೋ ಕೊಡುತ್ತವೆ. ಆದರೆ ಐಎಸ್‌ಒ ಏರಿಸಿದಾಗ ಫೋಟೋದಲ್ಲಿ ಕಾಣುವ ಕಾಳುಕಾಳು (ನಾಯ್ಸ್) ಇಲ್ಲಿ ಮುಖ್ಯ ಸಮಸ್ಯೆಯೇ ಅಲ್ಲ. ಐಎಸ್‌ಒ ಏರಿಸಿದರೆ ಬೆಳಕು ಜಾಸ್ತಿಯಾದಂತೆ ಕಾಣುತ್ತದೆ, ಬೆಳಕಿನ ದಿಕ್ಕು ಬದಲಾಗುವುದಿಲ್ಲ. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಗುಳಿಯಲ್ಲಿ ನೆರಳು ಹಾಕಿದ್ದರೆ ಆ ನೆರಳು ಹಾಗೇ ಇರುತ್ತದೆ. ಜತೆಗೆ ಎಫ್/1.8ರಲ್ಲಿ ಇಬ್ಬರು ಹಿಂದೆ ಮುಂದೆ ನಿಂತರೆ ಒಬ್ಬರು ಮಸುಕು.

ಎಲ್‌ಇಡಿ ಪ್ಯಾನೆಲ್‌ನ ದೊಡ್ಡ ಗುಣ, ಬೆಳಕು ಎಲ್ಲಿ ಬೀಳುತ್ತದೆ ಎಂದು ಮೊದಲೇ ಕಾಣುವುದು. ವಿಡಿಯೋಕ್ಕೂ ಅದೇ ಬೇಕು. ಮೊಬೈಲ್‌ನಲ್ಲೇ ತೆಗೆಯುವವರಿಗೂ ಅದೇ ಸರಿ, ಯಾಕೆಂದರೆ ಹಾಟ್‌ಶೂನಲ್ಲಿ, ಅಂದರೆ ಕ್ಯಾಮೆರಾದ ನೆತ್ತಿಯ ಮೇಲಿನ ಸಂದಿಯಲ್ಲಿ ಕೂರುವ ಫ್ಲ್ಯಾಶ್ ಮೊಬೈಲ್ ಜತೆ ಹೊಂದುವುದಿಲ್ಲ. ಪ್ಯಾನೆಲನ್ನೂ ಗೋಡೆಗೆ ತಿರುಗಿಸಿ ಬೌನ್ಸ್ ಮಾಡಬಹುದು, ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆದರೆ ಕೈಯಲ್ಲಿ ಹಿಡಿಯುವ ಪ್ಯಾನೆಲ್‌ನ ಶಕ್ತಿ ಫ್ಲ್ಯಾಶ್‌ನ ಹತ್ತಿರವೂ ಬರುವುದಿಲ್ಲ. ಬೌನ್ಸ್ ಮಾಡಿದರೆ ಇನ್ನೂ ಕಮ್ಮಿ. ಕೂತಿರುವ ಅಜ್ಜಿಗೆ ಸಾಕು, ಓಡಾಡುವ ಮಕ್ಕಳಿಗೆ ಸಾಲದು. ಫ್ಲ್ಯಾಶ್‌ನ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುವುದರಿಂದ ಅಲುಗಾಟ ಅಲ್ಲೇ ನಿಲ್ಲುತ್ತದೆ.

ಕ್ಯಾಮೆರಾದ ಒಳಗಿನ ಪಾಪ್‌ಅಪ್ ಫ್ಲ್ಯಾಶ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದರಲ್ಲಿ ಯಾರ ಮುಖವಾದರೂ ಆಧಾರ್ ಕಾರ್ಡಿನ ಫೋಟೋದ ಹಾಗೇ ಬರುತ್ತದೆ.

ಸ್ಟ್ಯಾಂಡ್ ಮೇಲೆ ಫ್ಲ್ಯಾಶ್, ಅದಕ್ಕೊಂದು ಬಿಳಿ ಛತ್ರಿ, ಕ್ಯಾಮೆರಾದ ಮೇಲೆ ಅದನ್ನು ದೂರದಿಂದಲೇ ಹೊಡೆಸುವ ಟ್ರಿಗರ್: ಗುಣಮಟ್ಟದಲ್ಲಿ ಇದು ಬೌನ್ಸ್‌ಗಿಂತ ಒಂದು ಮೆಟ್ಟಿಲು ಮೇಲೆ. ಬೆಳಕು ಎಲ್ಲಿಂದ ಬರಬೇಕೆಂದು ನೀವೇ ನಿರ್ಧರಿಸುತ್ತೀರಿ, ಸೀಲಿಂಗಿನ ಹಂಗಿಲ್ಲ. ಆದರೆ ನೆಂಟರು ತುಂಬಿದ ಚಾವಡಿಯಲ್ಲಿ ಆ ಸ್ಟ್ಯಾಂಡನ್ನು ಯಾರಾದರೂ ಎಡವದೆ ಬಿಡುವುದಿಲ್ಲ ಮಾರಾಯ್ರೆ. ಹಿಡಿಯಲು ಒಬ್ಬ ಹುಡುಗ ಇದ್ದರೆ ಮಾತ್ರ ಅದು. ಒಬ್ಬರೇ ಹೋಗುವುದಾದರೆ, ಜನ ಓಡಾಡುವ ಜಾಗವಾದರೆ ಕ್ಯಾಮೆರಾದ ಮೇಲಿನ ಬೌನ್ಸ್ ಫ್ಲ್ಯಾಶೇ ಗೆಲ್ಲುವುದು.

ಈಗ ತಲೆ ಎತ್ತಿ ನೋಡಿ

ಬಿಜೈ, ಕದ್ರಿ, ಮಣಿಪಾಲದ ಫ್ಲ್ಯಾಟ್‌ಗಳು, ಈಚಿನ ಟೆರೇಸ್ ಮನೆಗಳು ಬೌನ್ಸ್‌ಗೆ ಹೇಳಿ ಮಾಡಿಸಿದ ಜಾಗ. ಸೀಲಿಂಗ್ ಬಿಳಿ, ಎತ್ತರ ಹತ್ತು ಅಡಿಯ ಆಸುಪಾಸು. ಇಲ್ಲಿ ಎಲ್ಲರೂ ಮಾಡುವ ಒಂದು ಕೆಲಸವೆಂದರೆ ಫ್ಲ್ಯಾಶ್ ತಲೆಯನ್ನು ಎದುರಿಗಿರುವವರ ನೆತ್ತಿಯ ಮೇಲಿನ ಸೀಲಿಂಗಿಗೆ ಗುರಿ ಇಡುವುದು. ಹಾಗೆ ಮಾಡಿದರೆ ಬೆಳಕು ಕಡಿದಾಗಿ ಮೇಲಿಂದ ಸುರಿಯುತ್ತದೆ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ನೆರಳು. ವಯಸ್ಸಾದವರ ಕಣ್ಣು ಗುಳಿಬಿದ್ದಿದ್ದರೆ ಪೂರ್ತಿ ಕಪ್ಪು.

ಅದರ ಬದಲು ತಲೆಯನ್ನು ನಿಮ್ಮ ಹಿಂದಕ್ಕೇ ತಿರುಗಿಸಿ, ನಿಮ್ಮ ಎಡ ಅಥವಾ ಬಲ ಭುಜದ ಮೇಲೆ ಹಾದು ಹಿಂದಿನ ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆಗೆ ಹೊಡೆಯುವ ಹಾಗೆ. ಮೊದಲ ಸಲ ಮಾಡುವಾಗ ವಿಚಿತ್ರ ಅನಿಸುತ್ತದೆ, ಎದುರಿಗೆ ಜನ, ಫ್ಲ್ಯಾಶ್ ಹಿಂದಕ್ಕೆ! ಆದರೆ ಈಗ ಬೆಳಕು ಮುಂದಿನಿಂದ, ಸ್ವಲ್ಪ ಬದಿಯಿಂದ, ಸ್ವಲ್ಪ ಮೇಲಿಂದ ಬರುತ್ತದೆ. ಒಂದು ಕೆನ್ನೆ ಬೆಳಗಿ ಇನ್ನೊಂದು ಕೆನ್ನೆ ಸ್ವಲ್ಪ ಮಬ್ಬಾಗಿ ಮುಖಕ್ಕೆ ಉಬ್ಬು ತಗ್ಗು ಸಿಗುತ್ತದೆ. ಎದುರಿನವರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಯ ಗೋಡೆಗೆ ಹೊಡೆಯುವುದು ಒಳ್ಳೆಯದು. ಕನ್ನಡಕ ಹಾಕಿದವರಿದ್ದರೂ ಬದಿಯ ಗೋಡೆಯೇ ವಾಸಿ. ಗಾಜಿನಲ್ಲಿ ಬಿಳಿ ಪೊರೆ ಕಂಡರೆ ಗೋಡೆ ಬದಲಿಸಿ.

ಗೋಡೆಯ ಬಣ್ಣ ಮರೆಯಬೇಡಿ. ಈಗ ಹಾಲ್‌ನ ಒಂದು ಗೋಡೆಗೆ ಕಡು ಹಸಿರೋ ನೇರಳೆಯೋ ಹೊಡೆಸುವುದು ಫ್ಯಾಷನ್. ಆ ಗೋಡೆಗೆ ಬೌನ್ಸ್ ಮಾಡಿದರೆ ಮುಖ ಅದೇ ಬಣ್ಣಕ್ಕೆ ತಿರುಗುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಸರಿ ಇದ್ದರೆ ಕಂಪ್ಯೂಟರಿನಲ್ಲಿ ಕೂತು ತಿದ್ದುವುದೂ ಕಷ್ಟ.

ಹಂಚಿನ ಮನೆ ಬೇರೆಯೇ ಆಟ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯ ಮಾಡುಗಳು ಕೆಂಪಾದವು. ಮುಚ್ಚಿಗೆ ಇಲ್ಲದ ಮನೆಯಲ್ಲಿ ತಲೆ ಎತ್ತಿದರೆ ಕಾಣುವುದು ಕಪ್ಪಾದ ಪಕ್ಕಾಸು, ರೀಪು, ಅದರ ಮೇಲೆ ಹಂಚು. ಎಲ್ಲವೂ ಓರೆ. ಅಲ್ಲಿಗೆ ಹೊಡೆದ ಬೆಳಕಿನಲ್ಲಿ ವಾಪಸ್ ಬರುವುದು ಬಹಳ ಕಮ್ಮಿ, ಬಂದದ್ದೂ ಕೆಂಪು. ಹಲಸಿನ ಮರದ ಮುಚ್ಚಿಗೆ ಇದ್ದರೆ ನೋಡಲು ಚಂದ, ಬೌನ್ಸ್‌ಗೆ ಅದೂ ಆಗುವುದಿಲ್ಲ. ಮರ ಬೆಳಕನ್ನು ನುಂಗಿ ಕಂದು ಬಣ್ಣ ವಾಪಸ್ ಕೊಡುತ್ತದೆ. ಇಲ್ಲಿ ಸೀಲಿಂಗ್ ಮರೆತು ಬಿಡಿ, ಗೋಡೆ ಹಿಡಿಯಿರಿ. ಹಳೆ ಮನೆಯ ಗೋಡೆಗೆ ಸುಣ್ಣವೋ ಬಿಳಿ ಪೇಂಟೋ ಇರುತ್ತದೆ. ಕೆಲವು ಮನೆಯಲ್ಲಿ ಕೆಳಗಿನ ಮೂರ್ನಾಲ್ಕು ಅಡಿಗೆ ಕಡು ಬಣ್ಣದ ಪಟ್ಟಿ ಹೊಡೆದಿರುತ್ತಾರೆ, ಅದರ ಮೇಲಿನ ಬಿಳಿ ಭಾಗಕ್ಕೆ ಗುರಿ ಇಡಿ.

ಆ ಮನೆಗಳ ಇನ್ನೊಂದು ಸಂಗತಿ ನೆಲ. ಕೆಂಪು ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ನುಣುಪಾಗಿರುತ್ತದೆ. ಗೋಡೆಯಿಂದ ಬಂದ ಬೆಳಕು ನೆಲಕ್ಕೆ ಬಿದ್ದು ಕೆಂಪಾಗಿ ಮೇಲೆ ಏಳುತ್ತದೆ. ಮಣೆಯ ಮೇಲೆ ಕೂತವರ ಗಲ್ಲದ ಕೆಳಭಾಗ, ಬಿಳಿ ಪಂಚೆಯ ಮಡಿಕೆ, ಕೈಯ ಅಡಿಭಾಗ ಎಲ್ಲ ಕೆಂಪಗೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಫೋಟೋವನ್ನು ಹೊಂದಿಸುವುದು) ತಿದ್ದಿದರೆ ಮುಖ ಸರಿಹೋಗುವಷ್ಟರಲ್ಲಿ ಗೋಡೆ ನೀಲಿಯಾಗುತ್ತದೆ. ಸುಲಭದ ಪರಿಹಾರ ಒಂದು ಬಿಳಿ ಬೆಡ್‌ಶೀಟ್. ಫ್ರೇಮಿನ ಹೊರಗೆ, ಕೂತವರ ಎದುರಿಗೆ ನೆಲದ ಮೇಲೆ ಹಾಸಿ. ಕೆಂಪು ಹೋಗುತ್ತದೆ, ಕಣ್ಣಿನ ಗುಳಿಗೆ ಕೆಳಗಿನಿಂದ ಸ್ವಲ್ಪ ಬೆಳಕೂ ಸಿಗುತ್ತದೆ. ಮನೆಯವರಿಂದಲೇ ಕೇಳಿ ತಗೊಳ್ಳಿ, ಹೊತ್ತುಕೊಂಡು ಹೋಗಬೇಕೆಂದಿಲ್ಲ.

ಮದುವೆ ಹಾಲ್‌ಗೆ ಬನ್ನಿ. ಇಲ್ಲಿ ಎತ್ತರ ಇಪ್ಪತ್ತು ಅಡಿ ದಾಟುತ್ತದೆ, ಸ್ಟೇಜ್ ಮೇಲೆ ಹೂವಿನ ಅಲಂಕಾರ, ಜಿಪ್ಸಮ್ ಸೀಲಿಂಗ್, ಅದರ ಸಂದಿಯಲ್ಲಿ ಹಳದಿ ಎಲ್‌ಇಡಿ ಪಟ್ಟಿ. ಸೀಲಿಂಗ್ ಬಿಳಿ ಇದ್ದರೆ ಬೌನ್ಸ್ ಆಗುತ್ತದೆ, ಆದರೆ ಫ್ಲ್ಯಾಶ್ ಬೆವರುತ್ತದೆ. ಲೆಕ್ಕ ಮುಂದೆ ಕೊಟ್ಟಿದ್ದೇನೆ. ಎತ್ತರದ ಚರ್ಚ್‌ಗಳ ಒಳಗೆ ಬೌನ್ಸ್ ಆಸೆಯನ್ನೇ ಬಿಡಿ. ಅಲ್ಲಿ ಫಾದರ್ ಹತ್ತಿರ ಮೊದಲು ಕೇಳಿ, ಒಪ್ಪಿದರೆ ಬದಿಯಲ್ಲಿ ಸ್ಟ್ಯಾಂಡ್ ಮತ್ತು ಛತ್ರಿ, ಇಲ್ಲದಿದ್ದರೆ ಐಎಸ್‌ಒ.

ನನಗೆ ಇಷ್ಟದ ಜಾಗ ಯಕ್ಷಗಾನದ ಚೌಕಿ. ಆಟಕ್ಕೆ ಮೊದಲು ಕಲಾವಿದರು ಕನ್ನಡಿ ಹಿಡಿದು ಕೂತು ಬಣ್ಣ ಹಚ್ಚುವ ಹೊತ್ತು. ಬಣ್ಣದ ವೇಷದವರ ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣ ಸೇರಿಸಿದ ಚುಟ್ಟಿ ಸಾಲುಸಾಲಾಗಿ ಏಳುತ್ತದೆ, ಮುಳ್ಳಿನಂತೆ. ನೇರ ಫ್ಲ್ಯಾಶ್ ಹೊಡೆದರೆ ಆ ಮುಳ್ಳುಗಳು ಬರೀ ಬಿಳಿ ಚುಕ್ಕಿ. ಬೆಳಕು ಬದಿಯಿಂದ ಬಂದರೆ ಒಂದೊಂದರ ಪಕ್ಕವೂ ಕೂದಲೆಳೆಯಷ್ಟು ನೆರಳು ನಿಂತು ಚುಟ್ಟಿ ಎಷ್ಟು ಎತ್ತರಕ್ಕೆ ಎದ್ದಿದೆ ಎಂದು ಕಾಣುತ್ತದೆ. ಆದರೆ ಬಯಲಿನಲ್ಲಿ ಹಾಕಿದ ಚೌಕಿಗೆ ಗೋಡೆ ಎಲ್ಲಿದೆ? ಸುತ್ತ ನೀಲಿಯೋ ಕೆಂಪೋ ಟಾರ್ಪಾಲು, ಮೇಲೆ ಆಕಾಶ ಇಲ್ಲವೇ ಶಾಮಿಯಾನ. ಟಾರ್ಪಾಲಿಗೆ ಬೌನ್ಸ್ ಮಾಡಿದರೆ ಅರ್ಜುನನೂ ನೀಲಿ. ಅಲ್ಲಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ಒಯ್ಯಿರಿ. ಯಾರಾದರೂ ಎರಡು ಮೂರು ಅಡಿ ದೂರದಲ್ಲಿ ಬದಿಗೆ ಹಿಡಿದರೆ ಅದೇ ನಿಮ್ಮ ಗೋಡೆ. ಮತ್ತೊಂದು ಮಾತು: ಕಣ್ಣಿನ ಗೆರೆ ಎಳೆಯುತ್ತಿರುವಾಗ ಫ್ಲ್ಯಾಶ್ ಹೊಡೆಯಬೇಡಿ. ಕೇಳಿ, ಕೈ ಕೆಳಗಿಳಿದ ಮೇಲೆ ಹೊಡೆಯಿರಿ.

ಫ್ಲ್ಯಾಶ್ ಆರಿಸುವಾಗ

ಮೊದಲು ನೋಡಬೇಕಾದದ್ದು ತಲೆ ಎಷ್ಟು ತಿರುಗುತ್ತದೆ ಎಂಬುದು. ಕೆಲವು ಚಿಕ್ಕ ಫ್ಲ್ಯಾಶ್‌ಗಳ ತಲೆ ಮೇಲೆ ಕೆಳಗೆ ಮಾತ್ರ ಮಡಚುತ್ತದೆ, ಅಕ್ಕಪಕ್ಕ ತಿರುಗುವುದಿಲ್ಲ. ಕ್ಯಾಮೆರಾ ಅಡ್ಡ ಹಿಡಿದಾಗ ಸೀಲಿಂಗಿಗೆ ಹೊಡೆಯಬಹುದು. ಪೋರ್ಟ್ರೇಟ್‌ಗೆಂದು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದ ಕೂಡಲೇ ಅದು ಪಕ್ಕದ ಗೋಡೆಗಷ್ಟೇ ಗುರಿಯಾಗುತ್ತದೆ. ಹಂಚಿನ ಮನೆಯಲ್ಲಂತೂ ಹಿಂದಕ್ಕೆ, ಬದಿಗೆ ತಿರುಗದ ಫ್ಲ್ಯಾಶ್ ಯಾವ ಪ್ರಯೋಜನಕ್ಕೂ ಇಲ್ಲ. ಎರಡೂ ಕಡೆಗೆ 180 ಡಿಗ್ರಿ ತಿರುಗುವುದು ಸಿಕ್ಕರೆ ಬಹಳ ಒಳ್ಳೆಯದು. ಒಂದು ಕಡೆಗಾದರೂ ಪೂರ್ತಿ ಹಿಂದಕ್ಕೆ ತಿರುಗಲೇಬೇಕು.

ಎರಡನೆಯದು ನಿಮ್ಮ ಕ್ಯಾಮೆರಾದ ಹಾಟ್‌ಶೂ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇವು ಮೂರೂ ನಮ್ಮ ಊರಲ್ಲಿ ಕಲಿಯುವವರ ಕೈಯಲ್ಲಿ ಜಾಸ್ತಿ ಕಾಣುವ ಕ್ಯಾಮೆರಾಗಳು. ಈ ಮೂರರ ಹಾಟ್‌ಶೂನಲ್ಲೂ ನಡುವಿನ ದೊಡ್ಡ ಪಿನ್ ಇಲ್ಲ. ಬರೀ ನಡುವಿನ ಪಿನ್‌ನಿಂದ ಕೆಲಸ ಮಾಡುವ ಮ್ಯಾನುವಲ್ ಫ್ಲ್ಯಾಶ್ (ಶಕ್ತಿಯನ್ನು ನಾವೇ ಕೈಯಿಂದ ಹೊಂದಿಸುವುದು) ಹಾಕಿದರೆ ಅದು ಮಿಂಚುವುದೇ ಇಲ್ಲ. ಫ್ಲ್ಯಾಶ್ ಹಾಳು ಎಂದುಕೊಂಡು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ, ಪಾಪ ಅದರದ್ದೇನೂ ತಪ್ಪಿಲ್ಲ. ಈ ಕ್ಯಾಮೆರಾ ಇದ್ದವರು ಕ್ಯಾನನ್‌ನ ಟಿಟಿಎಲ್‌ಗೆ (ಫ್ಲ್ಯಾಶ್‌ನ ಶಕ್ತಿಯನ್ನು ಕ್ಯಾಮೆರಾವೇ ತೀರ್ಮಾನಿಸುವ ವ್ಯವಸ್ಥೆಗೆ) ಹೊಂದುವ ಫ್ಲ್ಯಾಶನ್ನೇ ಹುಡುಕಬೇಕು, ಅದೂ ತಮ್ಮ ಕ್ಯಾಮೆರಾಕ್ಕೆ ಹಾಕಿ ನೋಡಿಯೇ ಕೊಳ್ಳಬೇಕು. ಕ್ಯಾನನ್ ಆರ್50ಕ್ಕೆ ಇನ್ನೊಂದು ತಾಪತ್ರಯ. ಅದರ ಹೊಸ ಬಗೆಯ ಶೂಗೆ ಸಾಮಾನ್ಯ ಫ್ಲ್ಯಾಶ್ ಕೂರಿಸಲು ಬೇರೆ ಅಡಾಪ್ಟರ್ ಬೇಕು. ಸೋನಿ, ನಿಕಾನ್, ಫ್ಯೂಜಿ ಕ್ಯಾಮೆರಾಗಳ ಟಿಟಿಎಲ್ ಭಾಷೆ ಬೇರೆ ಬೇರೆ, ಆದ್ದರಿಂದ ಒಂದೇ ಮಾಡೆಲ್‌ನ ಫ್ಲ್ಯಾಶ್ ಒಂದೊಂದು ಕಂಪನಿಗೆ ಒಂದೊಂದು ನಮೂನೆ ಬರುತ್ತದೆ. ಡಬ್ಬದ ಮೇಲೆ ಯಾವ ಅಕ್ಷರ ಇದೆ ನೋಡಿ ತಗೊಳ್ಳಿ.

ಮನೆಯ ಅಟ್ಟದಲ್ಲಿ ಮಾಮ ಗಲ್ಫಿನಿಂದ ತಂದ ರೀಲ್ ಕಾಲದ ಫ್ಲ್ಯಾಶ್ ಇದ್ದರೆ ಅದನ್ನು ಡಿಜಿಟಲ್ ಕ್ಯಾಮೆರಾದ ಮೇಲೆ ಹಾಕಲು ಹೋಗಬೇಡಿ. ಆಗಿನ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ 200 ದಾಟುತ್ತಿತ್ತು. ಈಗಿನ ಕ್ಯಾಮೆರಾದ ಸರ್ಕ್ಯೂಟ್ ಅದನ್ನು ತಾಳುವುದಿಲ್ಲ.

ಇನ್ನು ಟಿಟಿಎಲ್ಲಾ, ಮ್ಯಾನುವಲ್ಲಾ? ಗೋಡಾಕ್ಸ್ ಕಂಪನಿಯ ಟಿಟಿ600 ಮ್ಯಾನುವಲ್, ಟಿಟಿ685 ಟಿಟಿಎಲ್. ಫ್ಲ್ಯಾಶ್‌ನ ಬಲ ಹೇಳುವ ಗೈಡ್ ನಂಬರ್ ಎರಡಕ್ಕೂ 60, ಬ್ಯಾಟರಿ ಎರಡಕ್ಕೂ ಎಎ ಸೆಲ್ ನಾಲ್ಕು. ಬೆಲೆ ಮಾತ್ರ ಸರಿಸುಮಾರು ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಟಿಟಿಎಲ್‌ನಲ್ಲಿ ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚು ಹೊಡೆದು, ವಾಪಸ್ ಬಂದ ಬೆಳಕನ್ನು ಅಳೆದು, ಆಮೇಲೆ ನಿಜವಾದ ಮಿಂಚಿಗೆ ಎಷ್ಟು ಶಕ್ತಿ ಬೇಕೆಂದು ತೀರ್ಮಾನಿಸುತ್ತದೆ. ನೀವು ಓಡಾಡುತ್ತಾ ಒಮ್ಮೆ ಚಾವಡಿ, ಒಮ್ಮೆ ಅಡುಗೆಮನೆ, ಒಮ್ಮೆ ಜಗಲಿ ಎಂದು ತೆಗೆಯುವವರಾದರೆ ಟಿಟಿಎಲ್‌ಗೆ ಕೊಟ್ಟ ದುಡ್ಡು ವಸೂಲಾಗುತ್ತದೆ.

ಅದಕ್ಕೂ ಮಂಕು ಕವಿಯುವ ಹೊತ್ತಿದೆ. ಬಿಳಿ ಗೌನಿನ ಮದುಮಗಳು ಫ್ರೇಮ್ ತುಂಬ ನಿಂತರೆ ಬೆಳಕು ಜಾಸ್ತಿಯಾಯಿತೆಂದು ತಿಳಿದು ಕಮ್ಮಿ ಮಾಡುತ್ತದೆ, ಗೌನು ಬೂದು ಬಣ್ಣಕ್ಕೆ ತಿರುಗುತ್ತದೆ. ಕಡು ನೀಲಿ ರೇಷ್ಮೆ ಸೀರೆಗೆ ಅದರ ಉಲ್ಟಾ, ಮುಖ ಬಿಳಿಚಿಕೊಳ್ಳುತ್ತದೆ. ಬಿಳಿಗೆ ಪ್ಲಸ್ 1ರ ತನಕ, ಕಪ್ಪಿಗೆ ಮೈನಸ್ ಅರ್ಧ ಅಂತ ಫ್ಲ್ಯಾಶ್ ಕಾಂಪೆನ್ಸೇಷನ್ ಕೊಟ್ಟರೆ ಆಯಿತು. ಇನ್ನೊಂದು ಸಣ್ಣ ಕಿರಿಕಿರಿ: ಆ ಮೊದಲ ಮಿಂಚಿಗೇ ಥಟ್ಟನೆ ರೆಪ್ಪೆ ಮುಚ್ಚುವವರಿದ್ದಾರೆ. ಪ್ರತಿ ಫೋಟೋದಲ್ಲೂ ಒಬ್ಬರೇ ಕಣ್ಣು ಮುಚ್ಚಿದ್ದರೆ ಬೈಯಬೇಡಿ. ಮ್ಯಾನುವಲ್‌ಗೆ ಹಾಕಿ, ಮೊದಲ ಮಿಂಚೇ ಇರುವುದಿಲ್ಲ.

ಒಂದೇ ಜಾಗದಲ್ಲಿ ಕೂರಿಸಿ ತೆಗೆಯುವವರಿಗೆ ಮ್ಯಾನುವಲ್ ಸಾಕು, ಸಾಕು ಅನ್ನುವುದಕ್ಕಿಂತ ಅದೇ ವಾಸಿ. ಒಮ್ಮೆ ಶಕ್ತಿ ಹೊಂದಿಸಿದರೆ ಪ್ರತಿ ಫೋಟೋದಲ್ಲೂ ಒಂದೇ ಬೆಳಕು. ಕಲಿಯುವವರಿಗೂ ಕೈಗೆ ಬುದ್ಧಿ ಬರುವುದು ಅದರಲ್ಲೇ.

ಶಕ್ತಿ ಎಷ್ಟು ಬೇಕು

ಡಬ್ಬದ ಮೇಲಿನ ಗೈಡ್ ನಂಬರ್ 60 ಎಂಬುದನ್ನು ಹಾಗೇ ನಂಬಬೇಡಿ. ಅದು ತಲೆಯ ಝೂಮನ್ನು 200 ಎಂಎಂಗೆ ಎಳೆದು ಬೆಳಕನ್ನು ಕಿರಿದು ಮಾಡಿದಾಗಿನ ಲೆಕ್ಕ, ಐಎಸ್‌ಒ 100ರಲ್ಲಿ, ಮೀಟರಿನಲ್ಲಿ. ಬೌನ್ಸ್‌ಗೆ ಸಾಮಾನ್ಯವಾಗಿ ಇಡುವ 35 ಎಂಎಂನಲ್ಲಿ ಅಂಥ ಫ್ಲ್ಯಾಶ್‌ನ ನಂಬರ್ 36ರ ಸುಮಾರಿಗೆ ಇಳಿಯುತ್ತದೆ.

ಹತ್ತು ಅಡಿಯ ಸೀಲಿಂಗಿನಲ್ಲಿ ಬೆಳಕು ಮೇಲೆ ಹೋಗಿ ಮುಖಕ್ಕೆ ಬರುವ ದಾರಿ ಸುಮಾರು 4 ಮೀಟರ್ ಎಂದಿಟ್ಟುಕೊಳ್ಳಿ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಇಡಬೇಕಾದ ಎಫ್ ಅಂಕಿ ಸಿಗುತ್ತದೆ: 36ನ್ನು 4ರಿಂದ ಭಾಗಿಸಿದರೆ ಎಫ್/9. ಸೀಲಿಂಗ್ ನುಂಗುವ, ಚೆಲ್ಲುವ ಎರಡು ಮೂರು ಸ್ಟಾಪ್ ಕಳೆದರೆ ಎಫ್/4.5ರಿಂದ ಎಫ್/3.2. ಇದು ಪೂರ್ತಿ ಶಕ್ತಿಯಲ್ಲಿ, ಐಎಸ್‌ಒ 100ರಲ್ಲಿ. ಐಎಸ್‌ಒ 800ಕ್ಕೆ ಹೋದರೆ ಮೂರು ಸ್ಟಾಪ್ ವಾಪಸ್ ಸಿಗುತ್ತದೆ. ಆಗ ಎಫ್/4ರ ಹತ್ತಿರ ತೆಗೆಯಲು ನಾಲ್ಕನೇ ಒಂದರಿಂದ ಎಂಟನೇ ಒಂದು ಶಕ್ತಿ ಸಾಕು. ಫ್ಲ್ಯಾಶ್ ಆರಾಮಾಗಿರುತ್ತದೆ, ಮರು ಕ್ಷಣಕ್ಕೇ ಚಾರ್ಜ್ ಆಗುತ್ತದೆ.

ಇಪ್ಪತ್ತು ಅಡಿಯ ಹಾಲ್‌ನಲ್ಲಿ ದಾರಿ 10 ಮೀಟರ್. 36 ಭಾಗಿಸು 10, ಎಫ್/3.6. ಮೂರು ಸ್ಟಾಪ್ ಕಳೆದರೆ ಎಫ್/1.3. ಐಎಸ್‌ಒ 1600 ಇಟ್ಟರೂ ಪೂರ್ತಿ ಶಕ್ತಿಯಲ್ಲಿ ಎಫ್/5. ಅಂದರೆ ಎಫ್/4ರಲ್ಲಿ ತೆಗೆಯುವಾಗ ಫ್ಲ್ಯಾಶ್ ಪ್ರತಿ ಸಲ ಅರ್ಧಕ್ಕಿಂತ ಮೇಲೇ ದುಡಿಯುತ್ತಿದೆ. ತಲೆಯ ಝೂಮ್ 80, 105ಕ್ಕೆ ಎಳೆದರೆ, ಐಎಸ್‌ಒ 3200 ಮಾಡಿದರೆ ಸ್ವಲ್ಪ ಉಸಿರಾಡುತ್ತದೆ. ಧಾರೆಯ ಹೊತ್ತಿಗೆ ಪಟಪಟ ಹೊಡೆಯುತ್ತಾ ಹೋದರೆ ಬಿಸಿಯಾಗಿ ತನ್ನಷ್ಟಕ್ಕೆ ನಿಧಾನ ಮಾಡಿಕೊಳ್ಳುತ್ತದೆ.

ಚಿಕ್ಕ ಫ್ಲ್ಯಾಶ್‌ಗಳು, ಉದಾಹರಣೆಗೆ ಗೋಡಾಕ್ಸ್ ಟಿಟಿ350ಯ ಗೈಡ್ ನಂಬರ್ 105 ಎಂಎಂನಲ್ಲಿ 36. ಫ್ಲ್ಯಾಟ್‌ನಲ್ಲಿ, ಸಣ್ಣ ಕೋಣೆಯಲ್ಲಿ ಅದು ಸಾಕಾಗುತ್ತದೆ, ಸಣ್ಣ ಮಿರರ್‌ಲೆಸ್ ಕ್ಯಾಮೆರಾದ ಮೇಲೆ ಭಾರವೂ ಆಗುವುದಿಲ್ಲ. ಹಾಲ್‌ಗೆ ಅದನ್ನು ನಂಬಿ ಹೋಗಬೇಡಿ.

ಬ್ಯಾಟರಿ ಹೋಲಿಕೆಯೂ ಇಲ್ಲೇ ಮುಗಿಸೋಣ. ಎಎ ಸೆಲ್‌ನ ಟಿಟಿ600, ಟಿಟಿ685ಕ್ಕೆ 2500 ಎಂಎಎಚ್ ಸೆಲ್ ಹಾಕಿದರೆ ಪೂರ್ತಿ ಶಕ್ತಿಯ 230 ಮಿಂಚು, ಮಧ್ಯೆ 2.6 ಸೆಕೆಂಡ್ ಕಾಯಬೇಕು ಎಂಬುದು ಕಂಪನಿಯ ಲೆಕ್ಕ. ಲಿಥಿಯಂ ಬ್ಯಾಟರಿಯ ಗೋಡಾಕ್ಸ್ ವಿ1 ಆದರೆ 480 ಮಿಂಚು, 1.5 ಸೆಕೆಂಡ್. ಆ ಒಂದು ಸೆಕೆಂಡ್ ಕಮ್ಮಿ ಎನಿಸಬಹುದು. ತಾಳಿ ಕಟ್ಟುವಾಗ ಶಟರ್ ಒತ್ತಿ ಫ್ಲ್ಯಾಶ್ ಬಾರದೆ ಇದ್ದಾಗ ಆ ಒಂದು ಸೆಕೆಂಡ್ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಮದುವೆ ಕೆಲಸ ಹಿಡಿಯುವವರು ಲಿಥಿಯಂಗೇ ಹೋಗಿ. ಮನೆಮಂದಿಯ ಫೋಟೋಕ್ಕೆ ಎಎ ಸಾಕು, ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ಸೆಟ್ ಇಟ್ಟುಕೊಳ್ಳಿ. ಗೂಡಂಗಡಿಯಲ್ಲಿ ಸಿಗುವ ರಿಮೋಟಿನ ಸೆಲ್ ಹಾಕಿದರೆ ಫ್ಲ್ಯಾಶ್ ಚಾರ್ಜ್ ಆಗುವಷ್ಟರಲ್ಲಿ ಅಜ್ಜಿ ಎದ್ದು ಒಳಗೆ ಹೋಗಿರುತ್ತಾರೆ.

ವಿ1ನ ದುಂಡು ತಲೆಯ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಗೋಡೆಗೆ ಬೌನ್ಸ್ ಮಾಡಿದ ಮೇಲೆ ತಲೆ ದುಂಡೋ ಚೌಕವೋ ಮುಖದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ದುಡ್ಡು ಕೊಡುವುದಾದರೆ ಬ್ಯಾಟರಿಗಾಗಿ ಕೊಡಿ.

ಮೇಲಿನ ಸಣ್ಣಪುಟ್ಟ ಸಾಮಾನು

ಫ್ಲ್ಯಾಶ್ ತಲೆಯಿಂದ ಹೊರಗೆ ಎಳೆಯುವ ಸಣ್ಣ ಬಿಳಿ ಕಾರ್ಡ್ ಪುಕ್ಕಟೆ ಬರುತ್ತದೆ. ತಲೆ ನೇರ ಮೇಲಕ್ಕೆ ಇದ್ದಾಗ ಅದನ್ನು ಎಳೆದರೆ ಸ್ವಲ್ಪ ಬೆಳಕು ಮುಂದಕ್ಕೂ ಬಂದು ಕಣ್ಣಲ್ಲಿ ಒಂದು ಮಿನುಗು ಚುಕ್ಕಿ ಕೂರುತ್ತದೆ. ಅಜ್ಜ, ಅಜ್ಜಿಯರ ಫೋಟೋಕ್ಕೆ ಇದು ಬೇಕೇ ಬೇಕು.

ಬಿಳಿ ಪ್ಲಾಸ್ಟಿಕ್ ಡಬ್ಬದಂಥ ಡಿಫ್ಯೂಸರ್ ಎಲ್ಲರ ಹತ್ತಿರವೂ ಇರುತ್ತದೆ. ಅದು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಸುತ್ತ ಬಿಳಿ ಗೋಡೆಯ ಸಣ್ಣ ಕೋಣೆಯಾದರೆ ಚೆಲ್ಲಿದ್ದೆಲ್ಲ ವಾಪಸ್ ಬರುತ್ತದೆ, ಸರಿ. ಹಾಲ್‌ನಲ್ಲೋ ಜಗಲಿಯಲ್ಲೋ ಅದನ್ನು ಮುಖಕ್ಕೆ ಹಿಡಿದರೆ ಬ್ಯಾಟರಿ ಖಾಲಿ ಮಾಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಡಬ್ಬದ ಗಾತ್ರ ಫ್ಲ್ಯಾಶ್ ಬಾಯಿಗಿಂತ ದೊಡ್ಡದಲ್ಲವಲ್ಲ, ನೆರಳು ಮೆತ್ತಗಾಗುವುದು ಹೇಗೆ?

ನನ್ನ ಮತ ಇನ್ನೊಂದಕ್ಕೆ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟಿಗೆ ಸಿಗುವ ಕಪ್ಪು ಫೋಮ್ ಹಾಳೆ. ಒಂದು ತುಂಡು ಕತ್ತರಿಸಿ ಫ್ಲ್ಯಾಶ್ ತಲೆಗೆ ಕೂದಲಿನ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಎದುರಿನವರ ಕಡೆಗೆ ಅಡ್ಡ ಬರುವ ಹಾಗೆ. ನೇರ ಬೆಳಕು ಒಂದು ಹನಿಯೂ ಮುಖಕ್ಕೆ ಹೋಗುವುದಿಲ್ಲ, ಗೋಡೆಯಿಂದ ಬಂದದ್ದು ಮಾತ್ರ. ಪಕ್ಕದಲ್ಲಿ ಕೂತ ನೆಂಟರ ಕಣ್ಣಿಗೂ ಹೊಡೆಯುವುದಿಲ್ಲ. ಅಂಗಡಿಯ ಡಿಫ್ಯೂಸರ್‌ಗಿಂತ ಇದು ಮೇಲು.

ಕ್ಯಾಮೆರಾದಲ್ಲಿ ಏನಿಡಬೇಕು

ಕ್ಯಾಮೆರಾ ಮ್ಯಾನುವಲ್ ಮೋಡ್‌ನಲ್ಲಿರಲಿ, ಫ್ಲ್ಯಾಶ್ ಟಿಟಿಎಲ್‌ನಲ್ಲಿ ಇದ್ದರೂ. ಎಫ್/4, ಐಎಸ್‌ಒ 800, 1/100 ಸೆಕೆಂಡ್. ಇಲ್ಲಿಂದ ಶುರುಮಾಡಿ. 1/100 ಯಾಕೆಂದರೆ ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣಕುತ್ತವೆ. ಶಟರ್ ಅದಕ್ಕೆ ಹೊಂದಿಕೊಂಡಿದ್ದರೆ ಫೋಟೋದಲ್ಲಿ ಅಡ್ಡ ಪಟ್ಟಿ ಬರುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳ ಸಿಂಕ್ ಮಿತಿ (ಫ್ಲ್ಯಾಶ್ ಜತೆ ಇಡಬಹುದಾದ ಅತಿ ವೇಗದ ಶಟರ್) 1/200 ಅಥವಾ 1/250, ಅದನ್ನು ದಾಟಬೇಡಿ. ಹಿಂದಿನ ದೇವರ ಕೋಣೆಯ ದೀಪದ ಬೆಳಕೂ ಫೋಟೋದಲ್ಲಿ ಉಳಿಯಬೇಕೆಂದರೆ ಐಎಸ್‌ಒ 1600 ಮಾಡಿ, ಶಟರ್ 1/50ಕ್ಕೆ ಇಳಿಸಿ. ಶಟರ್ ಇಳಿಸಿದರೆ ಹಿನ್ನೆಲೆ ಬೆಳಗುತ್ತದೆ, ಫ್ಲ್ಯಾಶ್‌ನ ಪಾಲು ಬದಲಾಗುವುದಿಲ್ಲ. ಈ ಒಂದು ಸಂಗತಿ ಕೈಗೆ ಹತ್ತಿದರೆ ಕಪ್ಪು ಹಿನ್ನೆಲೆಯ ಕಾಟ ಮುಗಿಯಿತು.

ಬಣ್ಣದ ವಿಷಯ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಕಮ್ಮಿಯಾದಷ್ಟು ಹಳದಿ. ಫ್ಲ್ಯಾಶ್‌ನ ಬೆಳಕು ಸುಮಾರು 5500 ಕೆಲ್ವಿನ್. ಮನೆಯ ಬಿಳಿ ಟ್ಯೂಬ್ 6500, ಅದರ ಜತೆ ಹೇಗೋ ಹೊಂದುತ್ತದೆ. ಹಾಲ್‌ನ ಹಳದಿ ಲೈಟ್ 3000ದ ಹತ್ತಿರ, ಅದರ ಜತೆ ಹೊಂದುವುದಿಲ್ಲ. ಮುಖ ಬಿಳಿ, ಹಿನ್ನೆಲೆ ಕಿತ್ತಳೆ. ಫ್ಲ್ಯಾಶ್ ಬಾಯಿಗೆ ಕಿತ್ತಳೆ ಜೆಲ್ (ಬೆಳಕು ದಾಟುವ ಬಣ್ಣದ ತೆಳು ಹಾಳೆ) ಅಂಟಿಸಿ, ವೈಟ್ ಬ್ಯಾಲೆನ್ಸ್ 3200ಕ್ಕೆ ಇಡಿ. ಒಂದು ಸ್ಟಾಪಿನ ಹತ್ತಿರ ಬೆಳಕು ಕಮ್ಮಿಯಾಗುತ್ತದೆ, ಹಾಲ್‌ನಲ್ಲಿ ಮೊದಲೇ ಬೆಳಕಿಗೆ ಬರ. ಅದಕ್ಕೇ ಹಾಲ್‌ನಲ್ಲಿ ದೊಡ್ಡ ಫ್ಲ್ಯಾಶ್ ಬೇಕು ಎನ್ನುವುದು.

ಹಾಗಾದರೆ ಯಾರಿಗೆ ಯಾವುದು

ಟೆರೇಸ್ ಮನೆ, ಫ್ಲ್ಯಾಟ್, ಮನೆಮಂದಿಯ ಫೋಟೋ ಇಷ್ಟೇ ಎನ್ನುವವರು ತಲೆ ಪೂರ್ತಿ ತಿರುಗುವ ಚಿಕ್ಕ ಟಿಟಿಎಲ್ ಫ್ಲ್ಯಾಶ್ ತಗೊಳ್ಳಿ. ಕಲಿಯುವ ಆಸೆ ಇದ್ದು ದುಡ್ಡು ಕಮ್ಮಿ ಇದ್ದವರಿಗೆ, ಕ್ಯಾಮೆರಾದ ಶೂನಲ್ಲಿ ನಡುವಿನ ಪಿನ್ ಇದ್ದರೆ, ಮ್ಯಾನುವಲ್‌ನ ದೊಡ್ಡ ಫ್ಲ್ಯಾಶ್. ಮುಂದೆ ಟ್ರಿಗರ್ ಕೊಂಡರೆ ಅದೇ ಸ್ಟ್ಯಾಂಡ್ ಮೇಲೆ ಹೋಗುತ್ತದೆ, ದುಡ್ಡು ದಂಡ ಆಗುವುದಿಲ್ಲ. ಹಾಲ್, ಹಂಚಿನ ಮನೆ, ಚೌಕಿ ಎಂದು ಎಲ್ಲ ಕಡೆ ಹೋಗುವವರಿಗೆ ಲಿಥಿಯಂ ಬ್ಯಾಟರಿಯ ದೊಡ್ಡ ಟಿಟಿಎಲ್ ಫ್ಲ್ಯಾಶ್ ಬಿಟ್ಟರೆ ಬೇರೆ ದಾರಿ ಇಲ್ಲ. ಜತೆಗೆ ಥರ್ಮಾಕೋಲ್ ಹಾಳೆ, ಕಪ್ಪು ಫೋಮ್. ತಿಂಗಳಿಗೊಮ್ಮೆ ಮೊಮ್ಮಗುವಿನ ಫೋಟೋ ತೆಗೆಯುವವರು ಏನೂ ಕೊಳ್ಳಬೇಡಿ, ಕಿಟಕಿ ಇದೆಯಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಒಂದು ನೋಡಿಕೊಳ್ಳಿ. ನಮ್ಮ ಕಡಲ ಗಾಳಿಗೆ ಹಾಟ್‌ಶೂ ಪಿನ್, ಬ್ಯಾಟರಿ ಗೂಡಿನ ಸ್ಪ್ರಿಂಗ್ ಬೇಗ ಹಸಿರು ಹಿಡಿಯುತ್ತವೆ. ಗೂಡಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಪೂರ್ತಿ ಶಕ್ತಿಯಲ್ಲಿ ಹತ್ತಿಪ್ಪತ್ತು ಸಲ ಹೊಡೆಸಿ, ತಲೆಯನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿ. ಕೊಂಡ ಮೇಲೆ ಮಳೆಗಾಲದಲ್ಲಿ ಸೆಲ್ ಒಳಗೆ ಬಿಡಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟು, ಎರಡು ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಮಿಂಚು ಹೊಡೆಸಿ ವಾಪಸ್ ಇಡಿ.